ಇ-ಸಿಗರೇಟಿನ ಸುರುಳಿ: ರೋಧ ಇಳಿದಷ್ಟೂ ಕಾವು ಹೆಚ್ಚು

ಇ-ಸಿಗರೇಟಿನ ಅಟಾಮೈಸರ್‌ನೊಳಗೆ ಲೋಹದ ತಂತಿಯ ಪುಟ್ಟ ಸುರುಳಿಯಿರುತ್ತದೆ. ವಿದ್ಯುತ್ ಹರಿದಾಗ ಅದು ಕಾದು, ಹತ್ತಿಯ ಬತ್ತಿ ಹೀರಿಕೊಂಡ ದ್ರವವನ್ನು ಆವಿಯಾಗಿಸುತ್ತದೆ. ವೋಲ್ಟೇಜು ಒಂದೇ ಆಗಿದ್ದರೆ, ಸುರುಳಿಯ ರೋಧ ಇಳಿದಂತೆ ವ್ಯಾಟೇಜು ಏರುತ್ತದೆ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. 3.7 ವೋಲ್ಟ್ ಬ್ಯಾಟರಿಗೆ 2 ಓಮ್ ಸುರುಳಿ ಜೋಡಿಸಿದರೆ ಸುಮಾರು 6.8 ವ್ಯಾಟ್, 0.5 ಓಮ್ ಆದರೆ 27 ವ್ಯಾಟ್‌ಗೂ ಹೆಚ್ಚು.

ಆಗ ಆವಿ ದಟ್ಟವಾಗುತ್ತದೆ, ದ್ರವ ಬೇಗ ಮುಗಿಯುತ್ತದೆ. ಬ್ಯಾಟರಿಯಿಂದ ಹರಿಯುವ ವಿದ್ಯುತ್ತೂ 1.85 ಆಂಪಿಯರ್‌ನಿಂದ 7.4ಕ್ಕೇರುತ್ತದೆ. ಬ್ಯಾಟರಿಯ ಮಿತಿ ಮೀರಿದರೆ ಅದು ಬಿಸಿಯಾಗಿ ಸಿಡಿಯಬಹುದು. ಬತ್ತಿ ಒಣಗಿದ್ದಾಗ ಅತಿಯಾಗಿ ಕಾದ ದ್ರವ ಒಡೆದು ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹುಟ್ಟುತ್ತವೆ. ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟಗಳನ್ನು 2019ರಲ್ಲೇ ನಿಷೇಧಿಸಲಾಗಿದೆ.