ಮರ್ಫಿ, ಪಾರ್ಕಿನ್ಸನ್ ಮತ್ತು ನಮ್ಮೂರ ರೈಲು

ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ನ್ಯೂಟನ್ನನ ನಿಯಮಗಳಿಗಿಂತ ಮರ್ಫಿಯ ನಿಯಮವೇ ಹತ್ತಿರ. ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ. ಸರ್ವರ್ ಕೈಕೊಡುವುದು ಶುಕ್ರವಾರ ಸಂಜೆಯೇ. ಟ್ರಾಫಿಕ್ಕಿನಲ್ಲಿ ನಾವು ಬಿಟ್ಟುಬಂದ ಸಾಲೇ ಮುಂದೆ ಓಡುತ್ತದೆ.

ಆದರೆ ಈ ನಿಯಮ ಬರೀ ಗೊಣಗಾಟವಲ್ಲ. 1949ರಲ್ಲಿ ಅಮೆರಿಕದ ವಾಯುನೆಲೆಯೊಂದರಲ್ಲಿ ರಾಕೆಟ್ ಬಂಡಿಯ ಪರೀಕ್ಷೆ ನಡೆದಿತ್ತು. ಸೆನ್ಸರ್‌ಗಳನ್ನು ತಪ್ಪಾಗಿ ಜೋಡಿಸಿದ್ದರಿಂದ ಅಳತೆಯೇ ಸಿಗಲಿಲ್ಲ. ಆಗ ಎಂಜಿನಿಯರ್ ಎಡ್ವರ್ಡ್ ಮರ್ಫಿ ಸಿಡುಕಿ ಆಡಿದ ಮಾತೇ ನಿಯಮವಾಯಿತು. ಎಂಜಿನಿಯರುಗಳು ಅದರಿಂದ ಕಲಿತ ಪಾಠ ಇಷ್ಟೇ: ತಪ್ಪಾಗಿ ಜೋಡಿಸಲು ಸಾಧ್ಯವೇ ಆಗದ ಹಾಗೆ ಮಾಡು.

ಇನ್ನೊಬ್ಬರು ಪಾರ್ಕಿನ್ಸನ್. ಕೊಟ್ಟ ಸಮಯ ತುಂಬುವಷ್ಟು ಕೆಲಸ ಹಿಗ್ಗುತ್ತದೆ ಎಂದು ಅವರು 1955ರಲ್ಲಿ ‘ದಿ ಎಕನಾಮಿಸ್ಟ್’ನಲ್ಲಿ ಬರೆದರು. ಅವರು ಕೊಟ್ಟ ಲೆಕ್ಕ ನೋಡಿ. 1914ರಿಂದ 1928ರೊಳಗೆ ಬ್ರಿಟನ್ನಿನ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದವು. ನೌಕಾ ಇಲಾಖೆಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು!

ಹೊರಗಿರುವ ಕನ್ನಡಿಗರಿಗೂ ಒಂದು ನಿಘಂಟು ಬೇಕಲ್ಲವೆ? ನನ್ನ ಪಾಲಿನ ನಾಲ್ಕು ಪದಗಳು ಇಲ್ಲಿವೆ.

ಮುಂದಿನ ಹಬ್ಬ: ನಾವು ಊರಿಗೆ ಹೋಗುವ ದಿನ. ಎಂದೆಂದಿಗೂ ಮುಂದಿನದೇ.

ವರ್ಕ್ ಫ್ರಮ್ ಹೋಮ್: ಊರಿಗೆ ಹೋಗಿಯೂ ಊರಲ್ಲಿರದ ಸ್ಥಿತಿ.

ವೇಟಿಂಗ್ ಲಿಸ್ಟ್: ದೀಪಾವಳಿಯ ಹೊತ್ತಿಗೆ ಸಮಸ್ತ ಕನ್ನಡಿಗರೂ ಒಂದಾಗುವ ಜಾಗ.

‘ನಾವು ಆರಾಮ ಇದ್ದೀವಿ’: ಅಪ್ಪ, ಅವ್ವ ಫೋನಿನಲ್ಲಿ ಹೇಳುವ ಮಾತು. ಮೊಣಕಾಲು ನೋವು, ಬಿಪಿ ಮಾತ್ರೆ, ಮುಂದೂಡಿದ ಕಣ್ಣಿನ ಆಪರೇಷನ್ ಎಲ್ಲವೂ ಇದರೊಳಗೇ ಅಡಕ.

ನಾಲ್ಕನೆಯದನ್ನು ಬರೆಯುವಾಗ ನಗು ಬರಲಿಲ್ಲ. ‘ಕೆಲಸ ಮುಗಿದ ಮೇಲೆ ಬರ್ತೀನಿ’ ಎನ್ನುವುದು ನಮ್ಮ ಉತ್ತರ. ಪಾರ್ಕಿನ್ಸನ್ ಪ್ರಕಾರ ಅದು ಮುಗಿಯುವುದಿಲ್ಲ. ನಾವು ಬಿಡುವು ಇಟ್ಟಷ್ಟೂ ಕೆಲಸ ಅಲ್ಲಿಗೆ ಬಂದು ಕಾಲು ಚಾಚಿಕೊಂಡು ಕೂರುತ್ತದೆ. ಅತ್ತ ವಯಸ್ಸು ಯಾರ ಡೆಡ್‌ಲೈನಿಗೂ ಕಾಯುವುದಿಲ್ಲ.

ಹಾಗಾಗಿ ಮರ್ಫಿಯ ಪಾಠವನ್ನೇ ಇಲ್ಲಿ ಬಳಸೋಣ. ರೈಲಿನ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಬಿಡುವು ಸಿಕ್ಕಮೇಲೆ ಟಿಕೆಟ್ ಅಲ್ಲ. ಮೊದಲು ಟಿಕೆಟ್, ಆಮೇಲೆ ರಜೆಯ ಅರ್ಜಿ, ಅದೇ ಸಂಜೆ ಅವ್ವನಿಗೆ ಫೋನು. ಅವ್ವನಿಗೆ ದಿನ ಹೇಳಿದ ಮೇಲೆ ಟಿಕೆಟ್ ರದ್ದು ಮಾಡುವ ಧೈರ್ಯ ಯಾವ ಎಂಜಿನಿಯರಿಗಿದೆ? ಕೆಲಸ ತಾನಾಗಿಯೇ ಕುಗ್ಗಿಕೊಳ್ಳುತ್ತದೆ.