ಮಾಯವಾದ ಗ್ರಂಥದ ಜಾಡಿನಲ್ಲಿ ಕಂಪ್ಯೂಟರ್

ಪ್ರವಾದಿ ಮುಹಮ್ಮದರ ಜೀವನಚರಿತ್ರೆಯನ್ನು ಮೊದಮೊದಲು ವಿಸ್ತಾರವಾಗಿ ಬರೆದವರಲ್ಲಿ ಇಬ್ನ್ ಇಸ್ಹಾಕ್ ಪ್ರಮುಖರು. ಅವರು ತೀರಿಕೊಂಡದ್ದು ಸುಮಾರು 767ರಲ್ಲಿ. ಅವರ ಗ್ರಂಥ ಮೂಲರೂಪದಲ್ಲಿ ಉಳಿದಿಲ್ಲ. ನಂತರದವರು ಅದರಿಂದ ಎತ್ತಿಕೊಂಡ ಭಾಗಗಳಷ್ಟೇ ಉಳಿದಿವೆ. ಇಬ್ನ್ ಹಿಶಾಮ್ ಅದನ್ನು ಪರಿಷ್ಕರಿಸಿದರು, ಕೆಲವು ಸಂಗತಿಗಳನ್ನು ಕೈಬಿಟ್ಟದ್ದಾಗಿ ತಾವೇ ಹೇಳಿಕೊಂಡರು. 923ರಲ್ಲಿ ಬಾಗ್ದಾದಿನಲ್ಲಿ ತೀರಿಕೊಂಡ ಇತಿಹಾಸಕಾರ ತಬರಿ ಅವರ ಕೈಗೆ ಅದೇ ಗ್ರಂಥ ಬೇರೆ ದಾರಿಯಲ್ಲಿ ಬಂದಿತ್ತು. ಆ ದಾರಿಯನ್ನು ಅವರು ಮತ್ತೆ ಮತ್ತೆ ನಮೂದಿಸುತ್ತಾರೆ: ತಮಗೆ ಹೇಳಿದವರು ಇಬ್ನ್ ಹುಮೈದ್, ಅವರಿಗೆ ಸಲಮಾ, ಸಲಮಾಗೆ ಇಬ್ನ್ ಇಸ್ಹಾಕ್.

ಇಂಥ ಎರಡು ಗ್ರಂಥಗಳನ್ನು ಪಕ್ಕಪಕ್ಕ ಇಟ್ಟು ಓದುವುದು ವಿದ್ವಾಂಸರಿಗೆ ಹೊಸದೇನಲ್ಲ. ಸಾವಿರಾರು ಗ್ರಂಥಗಳನ್ನು ಒಂದರೊಡನೊಂದು ತಾಳೆ ನೋಡುವುದು ಮಾತ್ರ ಒಬ್ಬರ ಆಯುಷ್ಯದಲ್ಲಿ ಆಗುವ ಕೆಲಸವಲ್ಲ. ಲಂಡನ್ನಿನಲ್ಲಿರುವ ಆಗಾ ಖಾನ್ ವಿಶ್ವವಿದ್ಯಾಲಯದ ಸಂಸ್ಥೆಯಲ್ಲಿ ಸಾರಾ ಬೋವೆನ್ ಸವಾಂಟ್ ಅವರ ನೇತೃತ್ವದ ‘ಕಿತಾಬ್’ ಯೋಜನೆ ಕೈಹಾಕಿದ್ದು ಇದಕ್ಕೇ. ಅವರು ಬಳಸುವ ‘ಪಾಸಿಮ್’ ಎಂಬ ತಂತ್ರಾಂಶ ಹುಟ್ಟಿದ್ದು 19ನೇ ಶತಮಾನದ ಅಮೆರಿಕದ ಪತ್ರಿಕೆಗಳು ಒಂದರ ಬರಹವನ್ನು ಇನ್ನೊಂದು ಮರುಮುದ್ರಿಸಿದ್ದನ್ನು ಹುಡುಕಲು. ಇಲ್ಲಿ ಪ್ರತಿ ಅರಬ್ಬಿ ಗ್ರಂಥವನ್ನೂ 300 ಪದಗಳ ತುಂಡುಗಳಾಗಿ ಒಡೆಯುತ್ತಾರೆ. ಯಾವ ತುಂಡಿನ ಮಾತು ಇನ್ಯಾವ ಗ್ರಂಥದಲ್ಲಿದೆ, ಎಲ್ಲಿ ಒಂದು ವಾಕ್ಯ ಬಿಟ್ಟುಹೋಗಿದೆ, ಎಲ್ಲಿ ಒಂದು ಹೆಸರು ಹೊಸದಾಗಿ ಸೇರಿದೆ ಎಂಬುದು ಸಾಲಿಗೆ ಸಾಲು ಎದುರಾಗಿ ತೆರೆಯ ಮೇಲೆ ಕಾಣುತ್ತದೆ.

ಇದು ದೊಡ್ಡ ಬದಲಾವಣೆ, ಸಂಶಯವಿಲ್ಲ. ಆದರೆ ಯಂತ್ರ ಹೇಳುವುದು ಹೋಲಿಕೆಯನ್ನಷ್ಟೇ. ಯಾರಿಂದ ಯಾರು ಪಡೆದರು, ಇಬ್ಬರೂ ಕಳೆದುಹೋದ ಮೂರನೆಯ ಗ್ರಂಥದಿಂದ ಪಡೆದರೇ, ಗುರು ಒಂದೇ ಪಾಠವನ್ನು ಎರಡು ಕಾಲದಲ್ಲಿ ಎರಡು ಬಗೆಯಾಗಿ ಹೇಳಿದ್ದರೇ, ಬಿಟ್ಟ ವಾಕ್ಯವನ್ನು ಬಿಟ್ಟದ್ದೇಕೆ? ಇವಕ್ಕೆ ಅರಬ್ಬಿ ಬಲ್ಲ, ಆ ಕಾಲ ಬಲ್ಲ ಓದುಗರೇ ಉತ್ತರ ಹುಡುಕಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಯೋಜನೆ ಹೀಗೆ ತಾಳೆ ನೋಡುವ ಗ್ರಂಥಭಂಡಾರಕ್ಕೆ ಸೇರಿರುವುದು ಬಹುಪಾಲು ಅಚ್ಚಾದ ಅರಬ್ಬಿ ಗ್ರಂಥಗಳು. ಅಚ್ಚಾಗದ ಹಸ್ತಪ್ರತಿ ಈ ಹುಡುಕಾಟದಲ್ಲಿ ಇಲ್ಲದಂತೆಯೇ. ಕೈಬರಹ ಓದುವ ತಂತ್ರಾಂಶಗಳು ಬಂದಿವೆ, ನಿಜ. ಅವಕ್ಕೂ ಮೊದಲು ಬಲ್ಲವರು ಕೂತು ಪುಟಗಳನ್ನು ಅಕ್ಷರ ಅಕ್ಷರ ಬರೆದು ಕಲಿಸಬೇಕು. ನಮ್ಮ ವಿಜಯಪುರದ ಅಸರ್ ಮಹಲಿನಲ್ಲಿದ್ದ ಅರಬ್ಬಿ, ಫಾರಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವು ಹೋದರೂ ಉಳಿದವು. ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಗೆದ್ದಲಿಗೆ ತುತ್ತಾದದ್ದನ್ನು ಯಾವ ತಂತ್ರಾಂಶವೂ ಮರಳಿಸದು.

ನಿಮ್ಮ ಮನೆಯಲ್ಲೋ ಊರಿನ ದರ್ಗಾ, ಮದರಸಾದಲ್ಲೋ ಅರಬ್ಬಿ, ಫಾರಸಿ, ದಖನಿ ಹಸ್ತಪ್ರತಿಗಳಿದ್ದರೆ, ಅಂಚಿನ ಟಿಪ್ಪಣಿಯೂ ಕಾಣುವಂತೆ ಪ್ರತಿ ಪುಟದ ಫೋಟೊ ತೆಗೆಸಿಡಿ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ತೆಗೆಸಿ.