ಮೀನು ಬಂದದ್ದು ಎಲ್ಲಿಂದ?

ಪ್ರಶ್ನೆ: ಗುಡಿಯ ಚಿತ್ರಗಳು ಪುರಾಣದಲ್ಲಿ ಇದ್ದದ್ದನ್ನೇ ತೋರಿಸುತ್ತವೆಯೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಅಷ್ಟು ವಿಧೇಯ ಚಿತ್ರಕಾರರು ಸಿಗುವುದು ಅಪರೂಪ.

ಗೌರಿಬಿದನೂರಿನಿಂದ ಹಿಂದೂಪುರ ದಾಟಿದರೆ ಲೇಪಾಕ್ಷಿ. ಅಲ್ಲಿನ ವೀರಭದ್ರ ದೇವಾಲಯದ ಛಾವಣಿಯಲ್ಲಿ 16ನೇ ಶತಮಾನದ ಚಿತ್ರಗಳಿವೆ. ಕಿರಾತಾರ್ಜುನರ ಕಥೆ, ದ್ರೌಪದಿಯ ಸ್ವಯಂವರ ಎಲ್ಲವೂ ಉಂಟು. ಆದರೆ ಪುರಾಣದ ಗಂಡಸರ ತಲೆಯ ಮೇಲೆ ವಿಜಯನಗರದ ಆಸ್ಥಾನದ ಉದ್ದನೆಯ ಕುಲಾವಿ! ಹೆಂಗಸರ ಸೀರೆಗಳ ಚೌಕುಳಿ, ಹೂವು, ಅಂಚುಗಳನ್ನಂತೂ ಶಿಡ್ಲಘಟ್ಟದ ರೇಷ್ಮೆಯವರು ನಿಂತು ನೋಡಬೇಕು; ದ್ವಾಪರದ್ದಲ್ಲ, ಆ ಕಾಲದ ಮಗ್ಗದ್ದೇ. ಇನ್ನೊಂದೆಡೆ, ಗುಡಿ ಕಟ್ಟಿಸಿದ ಪೆನುಕೊಂಡೆಯ ಅಧಿಕಾರಿ ವಿರೂಪಣ್ಣ ದೇವರ ಪಕ್ಕದಲ್ಲೇ ಕೈಮುಗಿದು ನಿಂತಿದ್ದಾನೆ. ಯಾವ ಪುರಾಣ ಅವನನ್ನು ಕರೆದಿತ್ತೋ!

ಹಂಪಿಯ ವಿರೂಪಾಕ್ಷ ದೇವಾಲಯದ ಛಾವಣಿಯಲ್ಲಿ ಅರ್ಜುನ ಮೀನಿಗೆ ಗುರಿಯಿಟ್ಟಿದ್ದಾನೆ. ಪುಣೆಯ ಭಂಡಾರಕರ್ ಸಂಸ್ಥೆ ಪ್ರಕಟಿಸಿದ ಸಂಸ್ಕೃತ ಮಹಾಭಾರತದ ಪರಿಷ್ಕೃತ ಪಾಠದಲ್ಲಿ ಮೀನೇ ಇಲ್ಲ. ಇರುವುದು ಆಕಾಶದಲ್ಲಿ ಕಟ್ಟಿದ ಯಂತ್ರ. ಅದರ ರಂಧ್ರದೊಳಗಿಂದ ಐದು ಬಾಣ ಹೊಡೆದು ಗುರಿ ಭೇದಿಸಬೇಕು. ಬಿಡಿಸುವವನಿಗೆ ರಂಧ್ರಕ್ಕಿಂತ ಮೀನು ಲೇಸು: ದೂರದಿಂದಲೂ ಕಣ್ಣಿಗೆ ಬೀಳುತ್ತದೆ.

ವಸ್ತ್ರಾಪಹರಣದ ಕ್ಯಾಲೆಂಡರ್ ಚಿತ್ರಗಳಲ್ಲಿ ಕೃಷ್ಣ ಮೇಲಿನಿಂದ ಸೀರೆ ಇಳಿಬಿಡುತ್ತಾನಲ್ಲ, ಅದೇ ಪಾಠದಲ್ಲಿ ಅವನೂ ಆ ಸಭೆಗೆ ಬರುವುದಿಲ್ಲ. ಹಾಗೆಂದು ಇದು ಚಿತ್ರಕಾರರೇ ಮಾಡಿದ ಸೇರ್ಪಡೆಯಲ್ಲ. ಹಲವು ಹಸ್ತಪ್ರತಿಗಳಲ್ಲಿ, ಭಾಗವತರ ಬಾಯಲ್ಲಿ, ಬಯಲಾಟದ ರಂಗದಲ್ಲಿ ಕೃಷ್ಣ ಆಗಲೇ ಬಂದಾಗಿತ್ತು. ಚಿತ್ರಕಾರ ಬಿಡಿಸಿದ್ದು ಊರಿನ ಜನ ಕೇಳಿ ಬಲ್ಲ ಕಥೆಯನ್ನು.